48 ಕಿಲೋ 60ಕ್ಕಿಂತ ಜಾಸ್ತಿಯಾದದ್ದು ಹೇಗೆ?

ಬದಿಯಡ್ಕದ ಹತ್ತಿರ ನಮ್ಮ ಮಾವನಿಗೆ ಅಡಿಕೆ ವ್ಯಾಪಾರ. ಹೊಸತು, ಹಳತು, ಪಟೋರ, ಕರಿಗೋಟು ಅಂತ ಗೋಣಿಗಳನ್ನು ಬೇರೆ ಬೇರೆ ಇಡುತ್ತಾರೆ. ತೂಕದ ಲೆಕ್ಕಕ್ಕೆಂದು ಎಲಿಕ್ಸಿರ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. 60 ಕಿಲೋ ದಾಟಿದ ಗೋಣಿ ಬೇರೆ ಪಟ್ಟಿಗೆ ಹೋಗಬೇಕು, ಅಷ್ಟೇ ಕೆಲಸ. ಮೊದಲ ದಿನವೇ ಮಾವನ ಫೋನ್ ಬಂತು. "ಎಂತದು ಮಾರಾಯ, 48 ಕಿಲೋದ ಗೋಣಿಯೂ ಭಾರದ ಪಟ್ಟಿಯಲ್ಲಿ ಉಂಟಲ್ಲ?"

ತಪ್ಪು ನನ್ನದೇ. ಫೈಲಿನಿಂದ ಓದಿದ ತೂಕ ಸಂಖ್ಯೆಯಾಗಿ ಬರುವುದಿಲ್ಲ, ಅಕ್ಷರವಾಗಿ ಬರುತ್ತದೆ. ಅಂದರೆ 48 ಅಲ್ಲ, "48". ನಾನು ಅದನ್ನೇ ನೇರವಾಗಿ 60ರ ಜೊತೆ ಹೋಲಿಸಿದ್ದೆ. ಎಲಿಕ್ಸಿರ್ ತಕರಾರು ಮಾಡಲಿಲ್ಲ. "48" ದೊಡ್ಡದು ಅಂತ ಸಲೀಸಾಗಿ ಹೇಳಿಬಿಟ್ಟಿತು.

ಅದು ಹುಚ್ಚಲ್ಲ, ನಿಯಮ. 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಕೆಲಸಕ್ಕೆಂದು ಎರ್ಲಾಂಗ್ ಅನ್ನುವ ಪ್ರೋಗ್ರಾಂ ಭಾಷೆ ಹುಟ್ಟಿತು. ಅದೇ ಅಡಿಪಾಯದ ಮೇಲೆ ಬ್ರೆಜಿಲ್‌ನ ಜೋಸೆ ವಾಲಿಮ್ ಎಲಿಕ್ಸಿರ್ ಕಟ್ಟಿದರು. ಈ ಎರಡು ಭಾಷೆಗಳಲ್ಲೂ ಯಾವ ಮೌಲ್ಯವನ್ನು ಬೇಕಾದರೂ ಯಾವುದರ ಜೊತೆಗೂ ಹೋಲಿಸಬಹುದು. ಮೌಲ್ಯಗಳ ಜಾತಿಗಳಿಗೆ ಚಿಕ್ಕದರಿಂದ ದೊಡ್ಡದಕ್ಕೆ ಒಂದು ಸಾಲು ಇದೆ: ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು, ಅದರ ಮೇಲೆ ಆಟಮ್ (ತನ್ನ ಹೆಸರೇ ತನ್ನ ಮೌಲ್ಯವಾದ ಪದ), ಇನ್ನೂ ಮೇಲೆ ಟ್ಯೂಪಲ್ (ಕೆಲವು ಮೌಲ್ಯಗಳ ಕಟ್ಟು), ಮ್ಯಾಪ್ (ಕೀಲಿ-ಮೌಲ್ಯಗಳ ಜೋಡಿಗಳು), ಲಿಸ್ಟ್ (ಪಟ್ಟಿ). ಅಕ್ಷರಗಳ ಸ್ಟ್ರಿಂಗ್ ತುತ್ತತುದಿಯಲ್ಲಿ. ಹಾಗಾಗಿ ಎಷ್ಟೇ ದೊಡ್ಡ ಸಂಖ್ಯೆಯಾದರೂ "0" ಅದಕ್ಕಿಂತ ದೊಡ್ಡದು! ತೂಕ ಬರೆಯದೆ ಬಿಟ್ಟ ಜಾಗದಲ್ಲಿ ಕೂರುವ 'ನಿಲ್' ಕೂಡ ಒಂದು ಆಟಮ್. ಅಂದರೆ ತೂಗದ ಗೋಣಿಯೂ ಭಾರದ ಪಟ್ಟಿಗೇ. ಕಲಬೆರಕೆ ಪಟ್ಟಿಯನ್ನೂ ತಡೆಯಿಲ್ಲದೆ ಸಾಲಾಗಿ ಜೋಡಿಸಲು ಈ ಏರ್ಪಾಟು ಅನುಕೂಲ. ನನಗಂತೂ ಆ ದಿನ ಅನುಕೂಲ ಅನ್ನಿಸಲಿಲ್ಲ. ಜಾತಿಗಳನ್ನು ಮೊದಲೇ ಪರೀಕ್ಷಿಸುವ ಹ್ಯಾಸ್ಕೆಲ್‌ನಂಥ ಭಾಷೆಯಾಗಿದ್ದರೆ ಇಂಥ ಪ್ರೋಗ್ರಾಂ ಓಡುವುದಕ್ಕೇ ಬಿಡುತ್ತಿರಲಿಲ್ಲ.

ಎರಡನ್ನೂ ಅಕ್ಷರ ಮಾಡಿದರೆ ಆಯ್ತಲ್ಲ ಅಂದುಕೊಳ್ಳಬೇಡಿ. ಆಗ ಹೋಲಿಕೆ ಎಡದಿಂದ ಒಂದೊಂದೇ ಅಕ್ಷರಕ್ಕೆ ನಡೆಯುತ್ತದೆ. "9" ಎದುರು "60" ಸೋಲುತ್ತದೆ.

ಮದ್ದು ಎರಡು. ಮೊದಲು ಅಕ್ಷರವನ್ನು ಸಂಖ್ಯೆ ಮಾಡಿಕೊಳ್ಳುವುದು. ಆಮೇಲೆ ಫಂಕ್ಷನ್ನಿನ (ಒಂದು ಕೆಲಸ ಮಾಡುವ ಪ್ರೋಗ್ರಾಂ ತುಂಡಿನ) ಬಾಗಿಲಲ್ಲೇ ಒಬ್ಬ ಕಾವಲುಗಾರನನ್ನು ನಿಲ್ಲಿಸುವುದು. ಇದಕ್ಕೆ ಗಾರ್ಡ್ ಅಂತಲೇ ಹೆಸರು. ಬಂದದ್ದು ಸಂಖ್ಯೆಯೇ ಅಂತ ಅವನು ಕೇಳುತ್ತಾನೆ. ಅಲ್ಲವಾದರೆ ಒಳಗೆ ಬಿಡುವುದಿಲ್ಲ, ಪ್ರೋಗ್ರಾಂ ಅಲ್ಲೇ ದೂರು ಹೇಳಿ ನಿಲ್ಲುತ್ತದೆ. ತಪ್ಪು ಪಟ್ಟಿ ಕೊಡುವುದಕ್ಕಿಂತ ಅದು ವಾಸಿ.

ಇಷ್ಟಾದ ಮೇಲೂ ಒಂದು ಗೋಟಾಳೆ ಉಳಿಯಿತು. ಕೈಯಲ್ಲಿ ಬರೆದ ತೂಕ 60, ಡಿಜಿಟಲ್ ತಕ್ಕಡಿಯದ್ದು 60.0. ಇವೆರಡೂ ಒಂದೇ ಅಲ್ವಾ? == ಅಂತ ಕೇಳಿದರೆ ಹೌದು ಅನ್ನುತ್ತದೆ. === ಅಂತ ಕೇಳಿದರೆ ಅಲ್ಲ, ಯಾಕೆಂದರೆ ಒಂದು ಪೂರ್ಣಾಂಕ, ಇನ್ನೊಂದು ದಶಮಾಂಶದ್ದು. ಮ್ಯಾಪ್‌ನ ಕೀಲಿಗಳಿಗೆ ಎರಡನೆಯ ನಿಯಮವೇ ಅನ್ವಯ. ಹಾಗಾಗಿ ತೂಕದ ಪ್ರಕಾರ ಗುಂಪು ಮಾಡಿದಾಗ 60ಕ್ಕೆ ಒಂದು ಗುಂಪು, 60.0ಕ್ಕೆ ಇನ್ನೊಂದು.

ಪಟ್ಟಿಯಲ್ಲಿರುವ ಊರಿನ ಹೆಸರಿನ ಕತೆ ಇದಕ್ಕಿಂತ ಮಜಾ. 'ಕಾಸರಗೋಡು' ಅನ್ನುವುದನ್ನು ಕಂಪ್ಯೂಟರಿನ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಇಡಬಹುದು. 'ಗೋ'ದ ಓತ್ವ ಒಂದೇ ಚಿಹ್ನೆಯಾಗಿರಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ತುಂಡಾಗಿರಬಹುದು. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಮೊದಲನೆಯದು 24 ಬೈಟು, ಎರಡನೆಯದು 30. ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬೇಕು. ಅಕ್ಷರ ಎಣಿಸು ಅಂದರೆ ಎರಡಕ್ಕೂ ಐದೇ ಬರುತ್ತದೆ. ಆದರೆ == ಬೈಟು ನೋಡುತ್ತದೆ, ಬೇರೆ ಬೇರೆ ಅನ್ನುತ್ತದೆ. ಇಂಥದ್ದಕ್ಕೆಂದೇ ಎಲಿಕ್ಸಿರ್‌ನಲ್ಲಿ 'ಈಕ್ವಿವಲೆಂಟ್' ಅನ್ನುವ ಫಂಕ್ಷನ್ ಇದೆ. ಅದು ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುತ್ತದೆ.

ಆದರೆ ಕನ್ನಡದ ಕುಂಬಳೆಯೂ ಮಲಯಾಳದ ಕುಂಬಳವೂ ಒಂದೇ ಊರು ಅಂತ ಅದಕ್ಕೂ ಗೊತ್ತಿಲ್ಲ. ಅದಕ್ಕೆ ನಾನೇ ಕೂತು ಒಂದು ಪಟ್ಟಿ ಬರೆದೆ. ಮಂಜೇಶ್ವರ, ಮಂಜೇಶ್ವರಂ ಜೋಡಿಯೂ ಸೇರಿತು. ಮಾವ ಮೊನ್ನೆ ಇನ್ನೂ ಎರಡು ಹೆಸರು ಹೇಳಿದ್ದಾರೆ, ಭಾನುವಾರ ಹೋದಾಗ ಸೇರಿಸಬೇಕು.