ರೋಧವಿದ್ದ ಮೇಲೆ ವಾಹಕತೆ ಏಕೆ ಬೇಕಾಯಿತು?

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಕರೆಂಟನ್ನು ವೋಲ್ಟೇಜಿನಿಂದ ಭಾಗಿಸಿದರೆ ವಾಹಕತೆ. ಹತ್ತು ಓಮ್ ರೋಧವೆಂದರೂ 0.1 ಸೀಮೆನ್ಸ್ ವಾಹಕತೆಯೆಂದರೂ ತಂತಿ ಅದೇ. ಪಿಯುಸಿ ಪಾಠದಲ್ಲಿ ಈ ಎರಡನೆಯದು ಒಂದೇ ಸಾಲಿನಲ್ಲಿ ಮುಗಿದುಹೋಗುವುದರಿಂದ, ಅದನ್ನು ಸುಮ್ಮನೆ ತಲೆಕೆಳಗು ಮಾಡಿದ ಲೆಕ್ಕವೆಂದೇ ಬಹಳ ಮಂದಿ ತಿಳಿದಿರುತ್ತಾರೆ.

ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದಾಗ ಅವನ ಮುಂದಿದ್ದುದು ಉದ್ದ, ದಪ್ಪ ಬೇರೆಬೇರೆಯಾದ ಲೋಹದ ತಂತಿಗಳು. ಆ ಕೆಲಸಕ್ಕೆ ರೋಧವೇ ಸಾಕಿತ್ತು. 1860ರಲ್ಲಿ ವೆರ್ನರ್ ಸೀಮೆನ್ಸ್ ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸದ ಕಂಬವನ್ನು ರೋಧದ ಅಳತೆಗೋಲಾಗಿ ಸೂಚಿಸಿದ. ಆದರೆ ಟೆಲಿಗ್ರಾಫ್ ಲೈನುಗಳು ಉದ್ದವಾಗುತ್ತ ಹೋದಂತೆ ತಂತಿಯೊಳಗಿನ ತಡೆಯಷ್ಟೇ ಅಲ್ಲ, ಕಂಬಕಂಬದಲ್ಲೂ ನೆಲಕ್ಕೆ ಸೋರುವ ಕರೆಂಟೂ ಲೆಕ್ಕಕ್ಕೆ ಬರಬೇಕಾಯಿತು. ವಾಹಕತೆಗೆ ಇಂಗ್ಲಿಷಿನಲ್ಲಿ ಇಂದಿರುವ ‘ಕಂಡಕ್ಟೆನ್ಸ್’ ಎಂಬ ಹೆಸರನ್ನು 1885ರಲ್ಲಿ ಕೊಟ್ಟ ಆಲಿವರ್ ಹೆವಿಸೈಡ್ ಇಂಥ ಲೈನುಗಳನ್ನೇ ಅಭ್ಯಾಸ ಮಾಡುತ್ತಿದ್ದವನು. ಅದರ ಮಾನಕ್ಕೆ 1971ರಲ್ಲಿ ಸೀಮೆನ್ಸ್ ಎಂಬ ಹೆಸರು ಅಧಿಕೃತವಾಯಿತು. ರೋಧವನ್ನು ಅಳೆಯಹೊರಟವನ ಹೆಸರು ಹೀಗೆ ಅದರ ವಿಲೋಮಕ್ಕೆ ಅಂಟಿಕೊಂಡಿತು.

ಈ ಸೋರಿಕೆಯ ಲೆಕ್ಕ ಆಗುಂಬೆ, ತೀರ್ಥಹಳ್ಳಿ ಕಡೆಯ ಲೈನುಗಳಿಗೂ ಸಲ್ಲುತ್ತದೆ. ಧೂಳು ಕೂತ ಪಿಂಗಾಣಿ ಇನ್ಸುಲೇಟರಿನ ಮೇಲೆ ಜಿಟಿಜಿಟಿ ಮಳೆಯ ತೇವ ಪದರಗಟ್ಟಿದಾಗ ಒಂದೊಂದರ ರೋಧ 1000 ಮೆಗಾಓಮಿಗೆ ಇಳಿಯಿತೆಂದು ಊಹಿಸಿಕೊಳ್ಳೋಣ. ಅದೂ ದೊಡ್ಡದೇ. ಆದರೆ ಅಂಥ 500 ಇನ್ಸುಲೇಟರುಗಳು ಒಂದೇ ತಂತಿಯಿಂದ ನೆಲಕ್ಕೆ ಸಮಾಂತರ ದಾರಿಗಳಾದ್ದರಿಂದ, 0.001 ಮೈಕ್ರೋಸೀಮೆನ್ಸನ್ನು 500ರಿಂದ ಗುಣಿಸಿದರೆ 0.5 ಮೈಕ್ರೋಸೀಮೆನ್ಸ್, ಅಂದರೆ ಒಟ್ಟು ರೋಧ ಬರೀ 2 ಮೆಗಾಓಮ್. ಸಾಲಾಗಿ ಜೋಡಿಸಿದಾಗ ರೋಧವನ್ನು ಕೂಡಬೇಕು, ಪಕ್ಕಪಕ್ಕ ಜೋಡಿಸಿದಾಗ ವಾಹಕತೆಯನ್ನು. ಒದ್ದೆ ಮರದ ಕೊಂಬೆಯೊಂದು ತಂತಿಗೆ ತಾಗಿತೆಂದರೆ ಈ ಇನ್ಸುಲೇಟರುಗಳ ಒಟ್ಟು ವಾಹಕತೆಯನ್ನೂ ಅದೊಂದೇ ಮೀರಿಸಬಹುದು. ಮಳೆಗಾಲಕ್ಕೆ ಮುಂಚೆ ಲೈನ್‌ಮನ್‌ಗಳು ಕೊಂಬೆ ಕಡಿಯುವುದು ಸುಮ್ಮನೆ ಅಲ್ಲ.

ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ. ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯುವುದು ಅದಕ್ಕೇ. ಅದೂ ಸಾಲದಿದ್ದರೆ ಇನ್ನೊಂದು ಗುಂಡಿ ತೋಡಿ ಎರಡನ್ನೂ ಸೇರಿಸುತ್ತಾರೆ. ಒಂದು 10 ಓಮ್, ಇನ್ನೊಂದು 15 ಓಮ್ ಇದ್ದರೆ ವಾಹಕತೆಗಳ ಮೊತ್ತದ ಪ್ರಕಾರ 6 ಓಮ್ ಬರಬೇಕು. ಗುಂಡಿಗಳು ತೀರ ಹತ್ತಿರವಿದ್ದರೆ ಮಾತ್ರ ಎರಡೂ ಅದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ಅಷ್ಟು ಇಳಿಯುವುದಿಲ್ಲ. ಆದ್ದರಿಂದ ಅವುಗಳ ನಡುವೆ ಕನಿಷ್ಠ ಗುಂಡಿಯಲ್ಲಿ ಹೂತ ಲೋಹದ ರಾಡಿನ ಉದ್ದದಷ್ಟಾದರೂ ಅಂತರ ಬಿಡಬೇಕು.