ಓದುಗರ ಪ್ರಶ್ನೆ: ಗಾಡಿ ವೈರಿಂಗ್‌ಗೆ ಬಟ್ಟೆ ಟೇಪೇ ಬೇಕಾ? ಕಪ್ಪು ಇನ್ಸುಲೇಶನ್ ಟೇಪ್ ಸಾಲದಾ?

ಪ್ರಶ್ನೆ: ಕಾರಿನ ವೈರಿಂಗ್‌ಗೆ ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪನ್ನೇ ಎರಡು ಸುತ್ತು ಜಾಸ್ತಿ ಸುತ್ತಿದರೆ ಆಗಲ್ವಾ? ಬಟ್ಟೆ ಟೇಪ್ ಆದರೆ ನೀರು ಒಳಗೆ ಇಳಿಯುತ್ತದೆ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಹೇಳಿ ಹೇಳಿ ಉತ್ತರ ನನಗೆ ಬಾಯಿಪಾಠವಾಗಿದೆ. ಒಮ್ಮೆ ಬೈಕಿನ ಹೆಡ್‌ಲೈಟ್ ಹೆಸರಲ್ಲಿ ಬರುತ್ತದೆ, ಒಮ್ಮೆ ಫಾಗ್ ಲ್ಯಾಂಪ್ ಹೆಸರಲ್ಲಿ, ಇನ್ನೊಮ್ಮೆ ರಿವರ್ಸ್ ಕ್ಯಾಮೆರಾ ಹೆಸರಲ್ಲಿ. ಒಳಗಿರುವ ಅನುಮಾನ ಒಂದೇ. ಹಾಗಾಗಿ ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ.

ಚಿಕ್ಕ ಉತ್ತರ ಮೊದಲು. ಇಡೀ ವೈರಿಂಗ್ ಕಟ್ಟಿಗೆ ಮಾಮೂಲಿ ಇನ್ಸುಲೇಶನ್ ಟೇಪ್ ಸುತ್ತಬೇಡಿ. ಎಂಜಿನ್ ಕಡೆಗೆ ನೇಯ್ದ ಪಾಲಿಯೆಸ್ಟರ್ ಬಟ್ಟೆಯ ಟೇಪ್ ಹಾಕಿ, ಅದರ ಅಂಟು ಅಕ್ರಿಲಿಕ್ ಆಗಿರಲಿ. ಕ್ಯಾಬಿನ್ ಒಳಗೆ ಫ್ಲೀಸ್ ಟೇಪ್, ಅಂದರೆ ಕಂಬಳಿಯಂಥ ಮೆತ್ತನೆಯ ಬಟ್ಟೆಯ ಟೇಪ್ ಹಾಕಿ. ಮಧ್ಯೆ ಎಲ್ಲಾದರೂ ಜಾಯಿಂಟ್ ಇದ್ದರೆ ಅದರ ಚಿಕಿತ್ಸೆ ಬೇರೆ. ಇಷ್ಟೇ ಸಾಕು ಅನ್ನುವವರು ಎದ್ದು ಬಾನೆಟ್ ತೆಗೆಯಬಹುದು.

ಉಳಿದವರು ಕೂತುಕೊಳ್ಳಿ. ನಿಮ್ಮ ಪ್ರಶ್ನೆಯ ಎರಡನೇ ಅರ್ಧ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

"ಟೇಪ್ ಸುತ್ತುವುದು ನೀರು ತಡೆಯುವುದಕ್ಕೆ." ಈ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಕೆಲಸ ಬಲ್ಲವರೂ ಇದನ್ನೇ ಹೇಳುತ್ತಾರೆ. ಸ್ವಲ್ಪ ಯೋಚಿಸಿ. ಟೇಪನ್ನು ಸುರುಳಿಯಾಗಿ ಸುತ್ತುತ್ತೇವೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಅಂಚು ಇರುತ್ತದೆ. ವೈರುಗಳ ಕಟ್ಟು ಪೈಪಿನಂತೆ ನುಣುಪಾಗಿ ಗುಂಡಗಿರುವುದಿಲ್ಲ, ಮೇಲೆಲ್ಲ ಹಳ್ಳ ದಿಣ್ಣೆ. ಪ್ರತಿ ಹಳ್ಳವೂ ನೀರಿಗೆ ಒಂದು ದಾರಿ. ಇನ್ನು ಎರಡು ತುದಿಗಳು ತೆರೆದೇ ಇರುತ್ತವೆ, ಯಾಕೆಂದರೆ ವೈರು ಅಲ್ಲಿಂದ ಹೊರಗೆ ಬರಲೇಬೇಕು. ಇಂಥದ್ದರೊಳಗೆ ನೀರು ಹೋಗುವುದಿಲ್ಲ ಅಂತ ಯಾವ ಧೈರ್ಯದಲ್ಲಿ ಹೇಳುವುದು?

ನೀರು ಹೋಗುತ್ತದೆ. ಯಾವ ಟೇಪ್ ಸುತ್ತಿದರೂ ಹೋಗುತ್ತದೆ. ಕೇಳಬೇಕಾದ್ದು ಒಳಗೆ ಹೋದ ನೀರು ಹೊರಗೆ ಬರುತ್ತದೋ ಇಲ್ಲವೋ ಅಂತ. ಬಟ್ಟೆ ಟೇಪ್ ಹೆಚ್ಚುಕಡಿಮೆ ಉಸಿರಾಡುತ್ತದೆ. ಎಂಜಿನ್ ಬಿಸಿಯಾದಾಗ ಒಳಗಿನ ಪಸೆ ನೇಯ್ಗೆಯ ಮೂಲಕ ಆರಿಹೋಗುವುದಕ್ಕೆ ಅವಕಾಶ ಇರುತ್ತದೆ. ನೀವು ಹೇಳುವ ಕಪ್ಪು ಇನ್ಸುಲೇಶನ್ ಟೇಪ್ ಪಿವಿಸಿಯದು, ಅಂದರೆ ಪ್ಲಾಸ್ಟಿಕ್ ಹಾಳೆ. ತುದಿಯಿಂದ ಒಳಗೆ ಹೋದ ನೀರು ಅದರೊಳಗೆ ವಾರಗಟ್ಟಲೆ ಕೂರುತ್ತದೆ. ನೀವು ಎರಡು ಸುತ್ತು ಜಾಸ್ತಿ ಸುತ್ತಿದಷ್ಟೂ ಅದಕ್ಕೆ ಆರಾಮ.

ಕೂತ ನೀರು ಸುಮ್ನೆ ಇರುವುದಿಲ್ಲ. ಗಾಡಿಯ ವೈರಿನೊಳಗೆ ಇರುವುದು ಸಣ್ಣ ಸಣ್ಣ ತಾಮ್ರದ ಎಳೆಗಳು. ಹೊದಿಕೆ ಎಲ್ಲಾದರೂ ಸೀಳಿದ್ದರೆ ಅಥವಾ ಜಾಯಿಂಟ್ ತೆರೆದಿದ್ದರೆ, ನೀರು ಆ ಎಳೆಗಳ ಸಂದಿಯಲ್ಲಿ ತಾನಾಗಿಯೇ ಮುಂದೆ ಮುಂದೆ ಹೀರಿಕೊಂಡು ಹೋಗುತ್ತದೆ. ತಾಮ್ರ ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಕಡೆ ರೆಸಿಸ್ಟೆನ್ಸ್ ಏರುತ್ತದೆ, ಲೈಟು ಮಂಕಾಗುತ್ತದೆ, ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಹೊರಗಿನಿಂದ ನೋಡಿದರೆ ಟೇಪ್ ಹೊಳೆಯುತ್ತಾ ಚೆನ್ನಾಗಿಯೇ ಇರುತ್ತದೆ. ತೊಂದರೆ ಎಲ್ಲಿದೆ ಅಂತ ಹುಡುಕುವವನ ಗತಿ ಕೇಳಬೇಡಿ.

ಹಾಗಾದರೆ ನೀರು ತಡೆಯುವವರು ಯಾರು? ಕನೆಕ್ಟರ್ ಒಳಗಿನ ರಬ್ಬರ್ ಸೀಲ್. ಲೋಹದ ತೂತಿನಲ್ಲಿ ವೈರು ಹಾಯುವ ಕಡೆ ಕೂರಿಸಿರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್. ಜಾಯಿಂಟ್ ಮೇಲೆ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಬಿಸಿ ಮಾಡಿದಾಗ ಕೊಳವೆ ಕುಗ್ಗಿ ಬಿಗಿಯುತ್ತದೆ, ಆ ಅಂಟು ಕರಗಿ ಎರಡೂ ತುದಿಯನ್ನು ಮುಚ್ಚುತ್ತದೆ. ಅಂಟಿಲ್ಲದ ಹೀಟ್ ಶ್ರಿಂಕ್ ಹಾಕಿ "ವಾಟರ್‌ಪ್ರೂಫ್ ಮಾಡಿದ್ದೇನೆ" ಅನ್ನುವವರಿಗೆ ನನ್ನ ನಮಸ್ಕಾರ. ಕನೆಕ್ಟರ್‌ಗೆ ಬರುವ ವೈರನ್ನು ಸ್ವಲ್ಪ ಕೆಳಗೆ ಜೋಲುವ ಹಾಗೆ ಬಿಟ್ಟರೂ ಎಷ್ಟೋ ಉಪಯೋಗ. ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ, ಕನೆಕ್ಟರ್ ತನಕ ಬರುವುದಿಲ್ಲ.

ಇದೇ ನಂಬಿಕೆಗೆ ಒಂದು ಬಾಲ ಇದೆ. "ಸರಿ, ನೀರು ಬಿಡಿ, ಕರೆಂಟಾದರೂ ತಡೆಯುತ್ತದಲ್ಲ?" ವೈರಿಗೆ ಆಗಲೇ ಹೊದಿಕೆ ಇದೆ. ಕರೆಂಟ್ ತಡೆಯುವ ಕೆಲಸ ಆ ಹೊದಿಕೆಯದು. ಬಟ್ಟೆ ಟೇಪನ್ನು ಬರಿ ತಾಮ್ರದ ಮೇಲೆ ಸುತ್ತಬೇಡಿ. ನೇಯ್ಗೆಯಲ್ಲಿ ಸಂದಿಗಳಿರುತ್ತವೆ, ಒಂದು ಎಳೆ ಚುಚ್ಚಿಕೊಂಡು ಹೊರಬಂದರೆ ಮುಗಿಯಿತು. ಜಾಯಿಂಟನ್ನು ಮೊದಲು ಕ್ರಿಂಪ್ ಮಾಡಿ (ಲೋಹದ ಸಣ್ಣ ಕೊಳವೆಯೊಳಗಿಟ್ಟು ಒತ್ತಿ ಬಿಗಿಯಿರಿ), ಹೀಟ್ ಶ್ರಿಂಕ್ ಹಾಕಿ, ಆಮೇಲೆ ಬೇಕಿದ್ದರೆ ಬಟ್ಟೆ ಟೇಪ್.

ಟೇಪಿನ ನಿಜವಾದ ಕೆಲಸ ಉಜ್ಜಾಟ ತಡೆಯುವುದು. ಗಾಡಿಯಲ್ಲಿ ಬ್ಯಾಟರಿಯ ನೆಗೆಟಿವ್ ಇಡೀ ಬಾಡಿಗೇ ಸೇರಿರುತ್ತದೆ. ಅಂದರೆ ವೈರಿನ ಪಕ್ಕದಲ್ಲಿರುವ ಪ್ರತಿ ಲೋಹದ ಅಂಚೂ ಒಂದು ಶಾರ್ಟ್ ಸರ್ಕ್ಯೂಟಿಗೆ ಕಾಯುತ್ತಾ ಕೂತಿರುತ್ತದೆ. ಎಂಜಿನ್ ನಡುಗುತ್ತದೆ, ರಸ್ತೆ ಕುಲುಕುತ್ತದೆ, ಹೊದಿಕೆ ದಿನಾ ಒಂದಿಷ್ಟು ಸವೆಯುತ್ತದೆ. ಪೂರ್ತಿ ಸವೆದ ದಿನ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದ ಲೈನ್ ಆದರೆ ಬೆಂಕಿ. ಇದನ್ನು ತಡೆಯುವುದಕ್ಕೇ ಪಾಲಿಯೆಸ್ಟರ್ ನೇಯ್ಗೆ ಇರುವುದು.

ಇದಕ್ಕೆ ಅಳತೆಯೂ ಇದೆ. ಜರ್ಮನಿಯ ಕಾರು ಕಂಪನಿಗಳು ಸೇರಿ ಮಾಡಿಕೊಂಡ ಎಲ್‌ವಿ 312 ಎಂಬ ಮಾನದಂಡದಲ್ಲಿ ಟೇಪನ್ನು ಒಂದು ಸರಳಿನ ಮೇಲೆ ಅಂಟಿಸಿ, ತೆಳು ಲೋಹದ ತಂತಿಯಿಂದ ಹಿಂದೆ ಮುಂದೆ ಉಜ್ಜುತ್ತಾರೆ. ಎಷ್ಟು ಉಜ್ಜಿಗೆ ತೂತಾಯಿತು ಅನ್ನುವುದರ ಮೇಲೆ ದರ್ಜೆ. 100 ಉಜ್ಜಿಗಿಂತ ಮೊದಲೇ ಸೋತರೆ ಎ ದರ್ಜೆ. 1000 ದಾಟಿದರೆ ಡಿ, 5000 ದಾಟಿದರೆ ಇ. ಇಲ್ಲಿ ಎ ಅಂದರೆ ಎಲ್ಲಕ್ಕಿಂತ ಕೆಳಗಿನದು. ಶಾಲೆಯ ಮಾರ್ಕ್ಸ್ ಕಾರ್ಡ್ ಅಭ್ಯಾಸದಲ್ಲಿ ಓದಿ ಮೋಸ ಹೋಗಬೇಡಿ. ಬಿಸಿ ತಾಳುವ ಪರೀಕ್ಷೆ 3000 ಗಂಟೆ ನಡೆಯುತ್ತದೆ. ಅದರ ದರ್ಜೆಗಳು 85 ಡಿಗ್ರಿ ಸೆಲ್ಸಿಯಸ್‌ನಿಂದ ಶುರುವಾಗಿ 105, 125, 150 ಅಂತ ಏರುತ್ತವೆ.

ಪಿವಿಸಿ ಸೋಲುವುದು ಈ ಬಿಸಿಯಲ್ಲೇ. ಪಿವಿಸಿ ಹುಟ್ಟಾ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ಬಿಸಿಗೆ ಅದು ನಿಧಾನವಾಗಿ ಹೊರಬರುತ್ತದೆ. ಒಂದಿಷ್ಟು ಹಾರಿಹೋಗುತ್ತದೆ, ಒಂದಿಷ್ಟು ಅಂಟಿಗೆ ಇಳಿದು ಅದನ್ನು ಕರಗಿಸುತ್ತದೆ. ಆಮೇಲೆ ಟೇಪಿನ ಮೇಲ್ಭಾಗ ಪೆಡಸು, ಕೆಳಭಾಗ ಜಿಗುಟು ಜಿಗುಟು. ಹಳೇ ಗಾಡಿಯ ವೈರಿಂಗ್ ಬಿಚ್ಚಿ ಕೈಯೆಲ್ಲ ಕಪ್ಪು ಅಂಟು ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಂತ ಪಿವಿಸಿಯನ್ನೇ ಕಸದ ಬುಟ್ಟಿಗೆ ಹಾಕಿ ಅನ್ನುತ್ತಿಲ್ಲ. ವೈರಿಂಗ್‌ಗೆ ಅಂತಲೇ ತಯಾರಿಸಿದ ಪಿವಿಸಿ ಟೇಪುಗಳಿವೆ, ಕಾರ್ಖಾನೆಯವರೂ ಕೆಲವು ಕಡೆ ಬಳಸುತ್ತಾರೆ. ಮನೆಯ ಸ್ವಿಚ್‌ಬೋರ್ಡಿಗೆ ತಂದ ರೋಲನ್ನು ಎಂಜಿನ್ ಪಕ್ಕ ಸುತ್ತುವುದಕ್ಕೆ ನನ್ನ ವಿರೋಧ.

ಬಟ್ಟೆ ಟೇಪಿನಲ್ಲೂ ಜಾತಿ ನೋಡಿ ತಗೊಳ್ಳಿ. ಉದಾಹರಣೆಗೆ ಟೆಸಾ ಕಂಪನಿಯದೇ ಎರಡು ನಂಬರ್ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಅದಲುಬದಲಾಗುವುದು ಇವೇ. 51036 ನೇಯ್ದ ಪಾಲಿಯೆಸ್ಟರ್, ಅಂಟು ಅಕ್ರಿಲಿಕ್, ಬಿಸಿಗೂ ಉಜ್ಜಾಟಕ್ಕೂ ಗಟ್ಟಿ. 51608 ಪಾಲಿಯೆಸ್ಟರ್ ಫ್ಲೀಸ್, ಅಂಟು ರಬ್ಬರಿನದು, ಸದ್ದು ಹೀರುವುದಕ್ಕೆ ಮಾಡಿದ್ದು. ಡ್ಯಾಶ್‌ಬೋರ್ಡ್ ಹಿಂದೆ ವೈರು ಪ್ಲಾಸ್ಟಿಕ್‌ಗೆ ಬಡಿದು ಕಟಕಟ ಅನ್ನದಿರಲಿ ಅಂತ ಅದು ಇರುವುದು. ಕೈಗೆ ಮೆತ್ತಗಿದೆ, ದಪ್ಪಗಿದೆ ಅಂತ ಅದನ್ನು ಒಯ್ದು ಎಂಜಿನ್ ಮೇಲೆ ಸುತ್ತುತ್ತಾರೆ. ದಪ್ಪ ಇದ್ದ ಮಾತ್ರಕ್ಕೆ ಗಟ್ಟಿ ಅಲ್ಲ. ಸೈಲೆನ್ಸರ್ ಪೈಪಿನ ಪಕ್ಕ ಹೋಗುವ ವೈರಿಗಂತೂ ಈ ಎರಡೂ ಬೇಡ. ಅಲ್ಲಿಗೆ ಬಿಸಿ ತಡೆಯುವ ಗ್ಲಾಸ್ ಫೈಬರ್ ಸ್ಲೀವ್ ಬೇಕು.

ಸುತ್ತುವ ರೀತಿ ಎರಡೇ ಮಾತಲ್ಲಿ. ಪ್ರತಿ ಸುತ್ತೂ ಹಿಂದಿನದರ ಅರ್ಧ ಅಗಲ ಮುಚ್ಚಲಿ. ಎಳೆದು ಬಿಗಿಯಬೇಡಿ, ಕಟ್ಟು ಬಾಗುವಾಗ ಒಳಗಿನ ವೈರುಗಳು ಒಂದರ ಮೇಲೊಂದು ಜಾರಬೇಕು. ಬಾಗಿಲಿನ ಹಿಂಜಿನ ಹತ್ತಿರ ಬಿಗಿಯಾಗಿ ಸುತ್ತಿದರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ವೈರು ಒಂದೇ ಜಾಗದಲ್ಲಿ ಮಡಿಯುತ್ತದೆ, ಕೊನೆಗೆ ಅಲ್ಲೇ ತುಂಡಾಗುತ್ತದೆ. ಕೊನೆಯ ಸುತ್ತನ್ನಂತೂ ಸ್ವಲ್ಪವೂ ಎಳೆಯದೆ ಅಂಟಿಸಿ, ಇಲ್ಲದಿದ್ದರೆ ತುದಿ ಎದ್ದು ನಿಲ್ಲುತ್ತದೆ.

ಇಷ್ಟಾದ ಮೇಲೆ ನೀವು ಕೇಳದ ಒಂದು ವಿಷಯ. ಟೇಪ್ ಯಾವಾಗಲೂ ಕಪ್ಪೇ ಯಾಕೆ? ಬಟ್ಟೆ ಟೇಪಿನ ಮಟ್ಟಿಗೆ ಕಪ್ಪು ಅಂದರೆ ವಿಶೇಷ ಏನೂ ಇಲ್ಲ, ಮಾಮೂಲಿ ವೈರಿಂಗ್ ಅಂತ ಅಷ್ಟೇ. ಕಪ್ಪಲ್ಲದ ಬಣ್ಣ ಕಂಡಾಗ ಮಾತ್ರ ಕೈ ಹಿಂದಕ್ಕೆ ತಗೊಳ್ಳಬೇಕು. ಏರ್‌ಬ್ಯಾಗ್‌ನ ಕನೆಕ್ಟರ್, ಕೊಳವೆಗಳು ಸಾಮಾನ್ಯವಾಗಿ ಹಳದಿ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಗಳಲ್ಲಿ ಹೈ ವೋಲ್ಟೇಜ್ ಕೇಬಲ್ ಕಿತ್ತಳೆ. ಇದು ಕಂಪನಿಯ ಇಷ್ಟಾನಿಷ್ಟದ ಬಣ್ಣ ಅಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 100 ಇದನ್ನು ಕೇಳುತ್ತದೆ: ಡಿಸಿಯಲ್ಲಿ 60 ವೋಲ್ಟ್, ಎಸಿಯಲ್ಲಿ 30 ವೋಲ್ಟ್ ದಾಟುವ ಕೇಬಲ್ ಪೆಟ್ಟಿಗೆಯ ಹೊರಗೆ ಹಾಯುತ್ತಿದ್ದರೆ ಹೊದಿಕೆ ಕಿತ್ತಳೆಯೇ ಆಗಿರಬೇಕು. ಕಾರುಗಳಲ್ಲಿ ಈ ಕೇಬಲ್ಲುಗಳು ನೂರಾರು ವೋಲ್ಟ್ ಹೊರುತ್ತವೆ. 12 ವೋಲ್ಟಿನ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಯಾಕೆ ಹೇಳಿದೆ ಅಂದರೆ, ಎಂಜಿನ್ ಬೇ ಎಲ್ಲ ಒಂದೇ ಬಣ್ಣ ಕಾಣಲಿ ಅಂತ ಕಿತ್ತಳೆ ಕೇಬಲ್ ಮೇಲೂ ಕಪ್ಪು ಬಟ್ಟೆ ಟೇಪ್ ಸುತ್ತುವ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ನಾಳೆ ಆ ಗಾಡಿಯನ್ನು ರಿಪೇರಿ ಮಾಡುವವರಿಗೆ, ಅಪಘಾತವಾದಾಗ ಬಾಡಿ ಕತ್ತರಿಸುವ ಅಗ್ನಿಶಾಮಕದವರಿಗೆ, ಕಟರ್ ಎಲ್ಲಿ ಇಡಬಾರದು ಅಂತ ಹೇಳುವುದು ಆ ಬಣ್ಣವೇ. ಆ ಕೇಬಲ್ಲಿನ ಹೊದಿಕೆ ಸವೆದಿದ್ದು ಕಂಡರೆ ಕಿತ್ತಳೆ ಟೇಪ್ ಹುಡುಕಿಕೊಂಡೂ ಹೋಗಬೇಡಿ. ಮುಟ್ಟದೆ ಬಾನೆಟ್ ಮುಚ್ಚಿ, ಹೈ ವೋಲ್ಟೇಜ್ ತರಬೇತಿ ಇರುವವರಿಗೆ ಕರೆ ಮಾಡಿ.