ಸಾವಿರಾರು ಸಲ ಉಲ್ಲೇಖವಾದ ಸಂಶೋಧನೆಯನ್ನು ಕಣ್ಣುಮುಚ್ಚಿ ನಂಬಬಹುದೇ?

ಪ್ರಶ್ನೆ: ಅಲ್ಝೈಮರ್ಸ್ ಬಗ್ಗೆ ಇಂಥ ವಿಜ್ಞಾನಿ ಬರೆದ ಲೇಖನಕ್ಕೆ ಸಾವಿರಾರು ಸೈಟೇಶನ್ ಬಂದಿವೆ ಎಂದು ಸುದ್ದಿಯಲ್ಲಿ ಓದುತ್ತೇವೆ. ಅಷ್ಟು ಜನ ವಿಜ್ಞಾನಿಗಳು ಉಲ್ಲೇಖಿಸಿದ್ದಾರೆ ಅಂದಮೇಲೆ ಅದು ಸರಿಯೇ ಇರಬೇಕು, ಅಲ್ವಾ?

ಉತ್ತರ: ಹಾಗೇನಿಲ್ಲ. ಇದಕ್ಕೆ ಇದೇ ಕಾಯಿಲೆಯ ಸಂಶೋಧನೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

2006ರ ಮಾರ್ಚ್‌ನಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಿಲ್ವೇನ್ ಲೆಸ್ನೆ, ಕ್ಯಾರೆನ್ ಆ್ಯಶ್ ಮತ್ತು ಸಂಗಡಿಗರು. ಅಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೊಟೀನ್ ಗಂಟುಗಟ್ಟಿರುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಅದರ ಯಾವ ರೂಪ ನೆನಪನ್ನು ಕೆಡಿಸುತ್ತದೆ ಎಂಬುದು ಗೊತ್ತಿರಲಿಲ್ಲ. ಇವರು ‘ಎ-ಬೀಟಾ ಸ್ಟಾರ್ 56’ ಎಂಬ ಒಂದು ರೂಪವನ್ನು ಮುಂದಿಟ್ಟರು. ಅದನ್ನು ಎಳೆಯ, ಆರೋಗ್ಯವಂತ ಇಲಿಗಳ ಮಿದುಳಿಗೆ ಚುಚ್ಚಿದಾಗ ಅವುಗಳ ನೆನಪು ಕೆಟ್ಟಿತು ಎಂದರು. ಅಪರಾಧಿ ಸಿಕ್ಕೇಬಿಟ್ಟ ಅನ್ನುವಂಥ ಸುದ್ದಿ! ಮುಂದಿನ ವರ್ಷಗಳಲ್ಲಿ ಈ ಲೇಖನ ಸುಮಾರು 2,500 ಸಲ ಉಲ್ಲೇಖವಾಯಿತು.

2022ರಲ್ಲಿ ‘ಸೈನ್ಸ್’ ಪತ್ರಿಕೆ ಒಂದು ತನಿಖಾ ವರದಿ ಹಾಕಿತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನರರೋಗ ವೈದ್ಯ ಮ್ಯಾಥ್ಯೂ ಶ್ರಾಗ್ ಆ ಲೇಖನದ ಚಿತ್ರಗಳನ್ನು ಅನುಮಾನಿಸಿದ್ದರು. ಅವು ವೆಸ್ಟರ್ನ್ ಬ್ಲಾಟ್ ಚಿತ್ರಗಳು. ಪ್ರೊಟೀನ್‌ಗಳನ್ನು ತೂಕದ ಪ್ರಕಾರ ಜೆಲ್ ಮೇಲೆ ಬೇರ್ಪಡಿಸಿ, ಒಂದು ಪೊರೆಗೆ ಇಳಿಸಿ, ಬೇಕಾದ್ದು ಎಲ್ಲಿದೆ ಎಂದು ನೋಡುವ ವಿಧಾನ ಇದು. ಕೊನೆಗೆ ಕಾಣುವುದು ಅಡ್ಡಡ್ಡ ಕಪ್ಪು ಪಟ್ಟಿಗಳು. ಪಟ್ಟಿ ಎಷ್ಟು ದಟ್ಟವೋ ಪ್ರೊಟೀನ್ ಅಷ್ಟು ಜಾಸ್ತಿ. ಎರಡು ಬೇರೆ ಮಾದರಿಗಳ ಪಟ್ಟಿ ಅಂಚಿನ ಡೊಂಕಿನವರೆಗೂ ಒಂದೇ ಥರ ಇದ್ದರೆ ಅನುಮಾನ ಬರಲೇಬೇಕು. ಕತ್ತರಿಸಿ ಜೋಡಿಸಿದ್ದು, ನಕಲು ಮಾಡಿದ್ದು, ಎರೇಸರ್‌ನಿಂದ ಅಳಿಸಿದ್ದು, ಈ ಗುರುತುಗಳೆಲ್ಲ ಚಿತ್ರಗಳಲ್ಲಿವೆ ಎಂದು ಕಡೆಗೆ ‘ನೇಚರ್’ ಕೂಡ ಬರೆಯಿತು. 2024ರ ಜೂನ್‌ನಲ್ಲಿ ಲೇಖನ ವಾಪಸಾಯಿತು. ಲೆಸ್ನೆ ಒಬ್ಬರು ಇದಕ್ಕೆ ಒಪ್ಪಲಿಲ್ಲ. ಆ್ಯಶ್ ಒಪ್ಪಿದರು, ಆದರೆ ಚಿತ್ರ ತಿದ್ದಿದ್ದರಿಂದ ತೀರ್ಮಾನವೇನೂ ಬದಲಾಗುವುದಿಲ್ಲ ಎಂಬುದು ಅವರ ವಾದ.

ಹಾಗಾದರೆ ಆ 2,500 ಉಲ್ಲೇಖಗಳು? ಉಲ್ಲೇಖಿಸುವವರು ಪ್ರಯೋಗವನ್ನು ತಾವೂ ಮಾಡಿ ನೋಡಿರಬೇಕು ಅಂತೇನೂ ಇಲ್ಲ. ಎಷ್ಟೋ ಸಲ ಲೇಖನದ ಪೀಠಿಕೆಯಲ್ಲಿ ಒಂದು ಸಾಲು, ಅಷ್ಟೇ. ಮದುವೆ ಕಾಗದದಲ್ಲಿ ಹಿರಿಯರ ಹೆಸರು ಹಾಕಿದ ಹಾಗೆ, ಬಿಟ್ಟರೆ ಚೆನ್ನಾಗಿರಲ್ಲ ಅಂತ ಸೇರಿಸುತ್ತಾರೆ. ‘ಇದು ತಪ್ಪು’ ಎಂದು ಬರೆದರೂ ಲೆಕ್ಕಕ್ಕೆ ಒಂದು ಉಲ್ಲೇಖವೇ. ಇನ್ನು ಹುಡುಕಿಯೂ ಆ ಪ್ರೊಟೀನ್ ಸಿಗದಿದ್ದವರು? ‘ಸಿಗಲಿಲ್ಲ’ ಎಂಬ ಫಲಿತಾಂಶ ಪ್ರಕಟವಾಗುವುದೇ ಕಷ್ಟ. ನನ್ನ ಕೇಳಿದರೆ ದೊಡ್ಡ ಸಮಸ್ಯೆ ಇದೇ. ಕದ್ದುಮುಚ್ಚಿ ಚಿತ್ರ ತಿದ್ದುವವರು ಎಲ್ಲೆಡೆ ಇರುತ್ತಾರೆ. ‘ನಮಗೆ ಬರಲಿಲ್ಲ’ ಅನ್ನುವವರಿಗೆ ಜಾಗವೇ ಇಲ್ಲದಿದ್ದರೆ ಹಾಗೆ ತಿದ್ದಿದವರನ್ನು ಹಿಡಿಯುವುದು ಹೇಗೆ?

ಕೆಲವರು ಈ ಪ್ರಕರಣ ಓದಿ ‘ಅಮಿಲಾಯ್ಡ್ ಕಥೆಯೇ ಬುರುಡೆ’ ಎನ್ನುತ್ತಾರೆ. ಅದೂ ಸರಿಯಲ್ಲ. ಅಮಿಲಾಯ್ಡ್‌ನಿಂದಲೇ ಈ ಕಾಯಿಲೆ ಬರುತ್ತದೆ ಎಂಬ ವಾದ ನಿಂತಿದ್ದು 2006ರ ಲೇಖನದ ಮೇಲಲ್ಲ. 1991ರಲ್ಲೇ ಲಂಡನ್ನಿನಲ್ಲಿ ಜಾನ್ ಹಾರ್ಡಿ, ಆಲಿಸನ್ ಗೋಟ್ ಮತ್ತಿತರರು ವಂಶದಲ್ಲಿ ಬರುವ ಅಲ್ಝೈಮರ್ಸ್ ಇರುವ ಕುಟುಂಬಗಳಲ್ಲಿ ಅಮಿಲಾಯ್ಡ್‌ಗೆ ಮೂಲವಾದ ಪ್ರೊಟೀನಿನ ಜೀನ್‌ನಲ್ಲೇ ದೋಷ ಕಂಡಿದ್ದರು. ಅದೂ ಬಹಳ ಉಲ್ಲೇಖವಾದ ಕೆಲಸ. ಆದರೆ ಅದರ ಬಲ ಬೇರೆ ಕಡೆ ಇದೆ: ಅದೇ ಜೀನ್‌ನಲ್ಲಿ ಇನ್ನಷ್ಟು ದೋಷಗಳು ಬೇರೆ ಬೇರೆ ಕುಟುಂಬಗಳಲ್ಲಿ, ಬೇರೆ ಬೇರೆ ತಂಡಗಳಿಗೆ ಸಿಕ್ಕವು. ಹಾಗಂತ ಅಮಿಲಾಯ್ಡ್ ತೆಗೆದರೆ ಕಾಯಿಲೆ ವಾಸಿ ಅಂತಲೂ ಅಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಔಷಧ ಅಮಿಲಾಯ್ಡ್ ಅನ್ನು ಚೆನ್ನಾಗಿ ತೆಗೆಯುತ್ತದೆ. 18 ತಿಂಗಳಲ್ಲಿ ಅದನ್ನು ಪಡೆದವರಿಗೂ ಪಡೆಯದವರಿಗೂ ಕಂಡ ವ್ಯತ್ಯಾಸ ಮಾತ್ರ ಕಾಯಿಲೆಯ ತೀವ್ರತೆ ಅಳೆಯುವ 18 ಅಂಕಗಳ ಮಾಪನದಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವವೂ ಆಗಿದೆ.

ಇನ್ನು ಮುಂದೆ ‘ಸಾವಿರಾರು ಸೈಟೇಶನ್’ ಎಂಬ ಸುದ್ದಿ ಕಂಡರೆ ಲೇಖನದ ಹೆಸರನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ವೆಬ್‌ಸೈಟಿನಲ್ಲಿ ಸುಮ್ನೆ ಹಾಕಿ ನೋಡಿ. ವಾಪಸಾದ ಲೇಖನವಾದರೆ ಅಲ್ಲಿ ಮೇಲ್ಗಡೆಯೇ ಆ ಸೂಚನೆ ಇರುತ್ತದೆ. ಆಮೇಲೆ ಬೇರೆ ಲ್ಯಾಬಿನವರು ಅದೇ ಪ್ರಯೋಗ ಮಾಡಿದ್ದಾರಾ, ಅದೇ ಫಲಿತಾಂಶ ಬಂತಾ ಅಂತ ಹುಡುಕಿ.